ಕೆಲಸಕ್ಕೆ ಸೇರುವ ಮುನ್ನ ಮೆಡಿಕಲ್: ತಪಾಸಣೆಯಿಂದ ಹೊಂದಾಣಿಕೆಯವರೆಗೆ

ಯಾವ ಕೈಗಾರಿಕಾ ಪ್ರದೇಶದ ಲ್ಯಾಬಿಗೆ ಹೋದರೂ ‘ಪ್ರೀ-ಎಂಪ್ಲಾಯ್‌ಮೆಂಟ್ ಪ್ಯಾಕೇಜ್’ ಅಂತ ಒಂದು ದರಪಟ್ಟಿ ಕಾಣುತ್ತದೆ: ರಕ್ತದ ಗುಂಪು, ಶುಗರ್, ಮೂತ್ರ, ಎದೆಯ ಎಕ್ಸ್‌ರೇ, ಇಸಿಜಿ. ಲೋಹ ಒತ್ತುವ ಪ್ರೆಸ್ ಯಂತ್ರದ ಆಪರೇಟರ್‌ಗೂ ಅದೇ, ಅಕೌಂಟ್ಸ್‌ಗೆ ಸೇರುವವರಿಗೂ ಅದೇ. ಕೊನೆಯಲ್ಲಿ ‘ಫಿಟ್’ ಎಂಬ ಸೀಲು. ಯಾವ ಕೆಲಸಕ್ಕೆ ಫಿಟ್ ಎಂಬುದು ಆ ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ಪ್ರೆಸ್ ಷಾಪಿಗೆ ಹೋಗುವವನ ಕಿವಿ ಯಾರೂ ನೋಡಿಲ್ಲ, ಕಂಪ್ಯೂಟರ್ ಮುಂದೆ ಕೂರುವವಳಿಗೆ ಸುಮ್ಮನೆ ಎಕ್ಸ್‌ರೇ ಆಗಿದೆ. ಐದು ವರ್ಷ ಕಳೆದು ಆ ಆಪರೇಟರ್ ‘ಕಿವಿ ಸರಿಯಾಗಿ ಕೇಳಿಸ್ತಿಲ್ಲ’ ಎಂದಾಗ, ಸೇರುವಾಗ ಹೇಗಿತ್ತು ಎಂದು ತೋರಿಸಲು ಎರಡೂ ಕಡೆಯವರ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಹಾಗಾಗಿ ಮೊದಲು ಅಳೆಯಬೇಕಾದದ್ದು ಕೆಲಸವನ್ನು. ಆ ಅಳತೆ ಕೈಯಲ್ಲಿದ್ದರೆ ಯಾವ ಪರೀಕ್ಷೆ ಬೇಕು, ಯಾವುದು ಬೇಡ, ಎಲ್ಲಿ ಹೊಂದಾಣಿಕೆ (ಕೆಲಸವನ್ನೇ ಮನುಷ್ಯನಿಗೆ ಒಗ್ಗುವಂತೆ ಬದಲಿಸುವುದು) ಮಾಡಬಹುದು ಎಂಬುದು ಬಹುಮಟ್ಟಿಗೆ ತಾನಾಗೇ ತಿಳಿಯುತ್ತದೆ. ಇದು ಕರ್ನಾಟಕದ ಮಧ್ಯಮ ಗಾತ್ರದ ಕಾರ್ಖಾನೆಗಳ ಎಚ್‌ಆರ್ ವಿಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅಭ್ಯರ್ಥಿಗಳಿಗೂ ಓದಲು ಅಡ್ಡಿಯಿಲ್ಲ.

ಹಂತ 1: ಮೊದಲು ಆಫರ್, ಆಮೇಲೆ ಮೆಡಿಕಲ್

ಸಂದರ್ಶನ ಮುಗಿದು, ಆಯ್ಕೆ ತೀರ್ಮಾನವಾಗಿ, ಆಫರ್ ಪತ್ರ ಕೊಟ್ಟ ಮೇಲೆಯೇ ತಪಾಸಣೆಗೆ ಕಳುಹಿಸಿ. ಪತ್ರದಲ್ಲಿ ‘ಈ ನೇಮಕಾತಿಯು, ಲಗತ್ತಿಸಿರುವ ಕೆಲಸದ ವಿವರಕ್ಕೆ ಸಂಬಂಧಪಟ್ಟ ವೈದ್ಯಕೀಯ ತಪಾಸಣೆಗೆ ಒಳಪಟ್ಟಿರುತ್ತದೆ’ ಎಂಬ ಒಂದು ಸಾಲು ಸಾಕು. ಸಂದರ್ಶನಕ್ಕೆ ಮೊದಲೇ ತಪಾಸಣೆ ಮಾಡಿಸಿ, ನಂತರ ‘ಆಯ್ಕೆಯಾಗಿಲ್ಲ’ ಎಂದರೆ, ಕೌಶಲ ಸಾಲದ್ದಕ್ಕೋ ಸಕ್ಕರೆ ಕಾಯಿಲೆಗೋ ಎಂದು ಆ ಮನುಷ್ಯನಿಗೆ ತಿಳಿಯುವುದೇ ಇಲ್ಲ. ಪ್ರಶ್ನೆ ಎದ್ದರೆ ನಿಮಗೂ ಉತ್ತರ ಕೊಡಲಾಗುವುದಿಲ್ಲ. ಖರ್ಚು ಸಂಸ್ಥೆಯದೇ. ಕೆಲಸ ಹುಡುಕುವವರ ಕೈಯಿಂದ ಲ್ಯಾಬಿಗೆ ದುಡ್ಡು ಕಟ್ಟಿಸುವ ರೂಢಿ ಕೆಲವು ಕಡೆ ಇದೆ. ಅದನ್ನು ಬಿಡಿ.

ಹಂತ 2: ಕೆಲಸದ ಹಾಳೆ

ಪ್ರತಿ ಹುದ್ದೆಗೂ ಒಂದು ಪುಟ ಬರೆಯಿರಿ. ಎಚ್‌ಆರ್ ಕ್ಯಾಬಿನ್ನಿನಲ್ಲಿ ಕೂತು ಬರೆದರೆ ಅದು ‘ಶ್ರಮದ ಕೆಲಸ, ಒಳ್ಳೆಯ ಆರೋಗ್ಯ ಬೇಕು’ ಎಂಬಲ್ಲಿಗೆ ನಿಂತುಬಿಡುತ್ತದೆ. ಉತ್ಪಾದನೆ ಜೋರಾಗಿರುವ ಎರಡು ಗಂಟೆ ಲೈನಿನ ಪಕ್ಕ ನಿಂತುಕೊಳ್ಳಿ. ಕೈಯಲ್ಲಿ ತೂಕದ ಯಂತ್ರ, ಅಳತೆ ಟೇಪು, ಸ್ಟಾಪ್‌ವಾಚು, ಸದ್ದಿನ ಮೀಟರು ಇರಲಿ. (ಫೋನಿನ ಡೆಸಿಬೆಲ್ ಆಪ್ ಅಂದಾಜಿಗೆ ಮಾತ್ರ, ದಾಖಲೆಗೆ ಮಾಪನಾಂಕ ನಿರ್ಣಯ (ಕ್ಯಾಲಿಬ್ರೇಶನ್) ಮಾಡಿಸಿದ ಮೀಟರೇ ಬೇಕು.) ಪ್ರೆಸ್ ಆಪರೇಟರ್ ಹುದ್ದೆಯ ಹಾಳೆ ಹೀಗೆ ಮೂಡಬಹುದು:

‘ಪಾಳಿ 8 ಗಂಟೆ, ಅದರಲ್ಲಿ ನಿಂತು ಮಾಡುವುದು 7. ನೆಲದ ಮೇಲಿನ ಬಿನ್ನಿನಿಂದ 12 ಕೆಜಿ ಬಿಡಿಭಾಗ ಎತ್ತಿ ಸೊಂಟದೆತ್ತರದ ಮೇಜಿಗೆ, ಗಂಟೆಗೆ 40 ಸಲ. ಸದ್ದು 92 ಡೆಸಿಬೆಲ್. ಕೂಲೆಂಟ್ ಎಣ್ಣೆ ಕೈಗೆ ತಾಗುತ್ತದೆ. ಕೆಂಪು-ಹಸಿರು ದೀಪ ನೋಡಿ ಯಂತ್ರ ನಡೆಸಬೇಕು. ಮೂರು ವಾರಕ್ಕೊಮ್ಮೆ ರಾತ್ರಿ ಪಾಳಿ.’

ಇಷ್ಟಿದ್ದರೆ ವೈದ್ಯರಿಗೆ ಕೆಲಸ ಮಾಡಲು ನೆಲೆ ಸಿಕ್ಕಂತೆ. ಈ ಹಾಳೆ ಬರೆಯುವಾಗಲೇ ಎಷ್ಟೋ ತಪ್ಪುಗಳು ಬಯಲಿಗೆ ಬರುತ್ತವೆ. ಕೆಲಸದ ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಶ್ ಸಂಸ್ಥೆಯ ಭಾರ ಎತ್ತುವ ಸೂತ್ರವನ್ನೇ ನೋಡಿ. ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ಭಾರ ಮೈಗೆ ಹತ್ತಿರ, ಸುಮಾರು 75 ಸೆಂ.ಮೀ. ಎತ್ತರದಲ್ಲಿ, ಮೈ ತಿರುಚದೆ, ಅಪರೂಪಕ್ಕೆ ಎತ್ತುವಾಗ, ಅದು ಹೇಳುವ ಮಿತಿ 23 ಕೆಜಿ. ಅದೇ ಭಾರ ನೆಲದ ಮೇಲಿದ್ದು, ಕಾಲಿನಿಂದ 50 ಸೆಂ.ಮೀ. ಮುಂದಿದ್ದು, 75 ಸೆಂ.ಮೀ. ಮೇಲಕ್ಕೆ ಎತ್ತಬೇಕಾದರೆ ಲೆಕ್ಕ 23 × 0.5 (ದೂರಕ್ಕೆ) × 0.775 (ನೆಲಮಟ್ಟಕ್ಕೆ) × 0.88 (ಮೇಲೆತ್ತುವ ಅಂತರಕ್ಕೆ) ಆಗುತ್ತದೆ. 8 ಕೆಜಿಯೂ ಬರಲಿಲ್ಲ. ಗಂಟೆಗೆ 40 ಸಲ ಎತ್ತುವುದನ್ನು ಸೇರಿಸಿದರೆ ಇನ್ನೂ ಇಳಿಯುತ್ತದೆ. ನಮ್ಮ ಹಾಳೆಯಲ್ಲಿರುವುದು 12 ಕೆಜಿ. ಅಂದರೆ ಸೊಂಟ ನೋವಿರುವವರನ್ನು ತೆಗೆದುಕೊಳ್ಳಬೇಡಿ ಎಂದು ಹೇಳುವ ಮುನ್ನ ಬಿನ್ನಿನ ಕೆಳಗೆ ಒಂದು ಸ್ಟ್ಯಾಂಡ್ ಇಡಿಸಬೇಕು, ಯಾಕೆಂದರೆ ಆ ಕೆಲಸ ಗಟ್ಟಿಮುಟ್ಟಾದವರ ಬೆನ್ನನ್ನೂ ತಿನ್ನುತ್ತಿದೆ.

ಹಂತ 3: ಹಾಳೆ ನೋಡಿ ಪರೀಕ್ಷೆ ಆರಿಸಿ

ಸದ್ದಿದ್ದರೆ ಆಡಿಯೊಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂಬ ಪರೀಕ್ಷೆ. ಕಲ್ಲಿನ ದೂಳು, ಹತ್ತಿಯ ದೂಳು, ವೆಲ್ಡಿಂಗ್ ಹೊಗೆ ಇದ್ದರೆ ಸ್ಪೈರೊಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವುದು). ಕಲ್ಲಿನ ದೂಳಿಗೆ ಎದೆಯ ಎಕ್ಸ್‌ರೇ ಕೂಡ. ಬಣ್ಣದ ವೈರು ಅಥವಾ ಸಿಗ್ನಲ್ ದೀಪ ಇದ್ದರೆ ಬಣ್ಣದ ದೃಷ್ಟಿ. ಬ್ಯಾಟರಿ ಕಾರ್ಖಾನೆಯಾದರೆ ರಕ್ತದಲ್ಲಿನ ಸೀಸದ ಮಟ್ಟ. ಎತ್ತರದ ಕೆಲಸ, ಕ್ರೇನ್ ಇದ್ದರೆ ದೃಷ್ಟಿ, ಸಮತೋಲನ, ಮೂರ್ಛೆಯ ಇತಿಹಾಸ. ಕ್ಯಾಂಟೀನಿನಲ್ಲಿ ಆಹಾರ ಮುಟ್ಟುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದಂತೆ ವರ್ಷಕ್ಕೊಮ್ಮೆ ತಪಾಸಣೆ ಮತ್ತು ಟೈಫಾಯ್ಡ್ ಲಸಿಕೆ. ಸಾರಿಗೆ ವಾಹನದ ಚಾಲಕರ ಲೈಸೆನ್ಸಿಗೆ ಫಾರಂ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರ. ಕಚೇರಿ ಕೆಲಸಕ್ಕೆ ಹೆಚ್ಚೆಂದರೆ ಕಣ್ಣಿನ ಪರೀಕ್ಷೆ.

ಮಾಡಿಸಲೇಬಾರದವೂ ಇವೆ. ಎಚ್‌ಐವಿ ಪರೀಕ್ಷೆಯನ್ನು ಕೆಲಸಕ್ಕೆ ಷರತ್ತಾಗಿ ಇಡುವುದನ್ನು ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017 ನಿಷೇಧಿಸಿದೆ. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲೇ, 1997ರಲ್ಲಿ, ಕೆಲಸ ಮಾಡಲು ಶಕ್ತನಾದವನಿಗೆ ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಕೆಲಸ ನಿರಾಕರಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ ಹೇಳಿತ್ತು. ಆದರೂ ಕೆಲವು ಲ್ಯಾಬ್‌ಗಳ ಪ್ಯಾಕೇಜಿನಲ್ಲಿ ಅದು ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಪರೀಕ್ಷೆಗಳ ಪಟ್ಟಿಯನ್ನು ಒಂದೊಂದಾಗಿ ಓದಿ, ಇದ್ದರೆ ಹೊಡೆದುಹಾಕಿಸಿ.

ಗರ್ಭಧಾರಣೆಯ ಪರೀಕ್ಷೆಯೂ ಬೇಡ, ಮುಟ್ಟಿನ ದಿನಾಂಕ ಕೇಳುವ ಪ್ರಶ್ನೆಯೂ ಬೇಡ. ಎಲ್‌ಐಸಿ ಕೆಲಸಕ್ಕೆ ಸೇರುವವರಿಂದ ತುಂಬಿಸುತ್ತಿದ್ದ ಘೋಷಣಾ ಪತ್ರದಲ್ಲಿದ್ದ ಇಂಥ ಪ್ರಶ್ನೆಗಳನ್ನು ತೆಗೆದುಹಾಕುವಂತೆ ನೀರಾ ಮಾಥುರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಎಕ್ಸ್‌ರೇ ತೆಗೆಯುವ ಕೋಣೆಯಲ್ಲಿ ‘ಗರ್ಭಿಣಿ ಇರಬಹುದೇ?’ ಎಂದು ಟೆಕ್ನಿಶಿಯನ್ ಕೇಳುವುದು ಸುರಕ್ಷತೆಯ ಮಾತು. ಆ ಉತ್ತರ ಆ ಕೋಣೆ ದಾಟಿ ಎಚ್‌ಆರ್ ಮೇಜಿಗೆ ಬರಬಾರದು.

ಹಂತ 4: ಪ್ರಶ್ನಾವಳಿ

‘ನಿಮಗೆ ಯಾವುದಾದರೂ ಕಾಯಿಲೆ ಇದೆಯೇ?’ ಎಂದು ಕೇಳಿದರೆ ಎಲ್ಲರೂ ‘ಇಲ್ಲ’ ಎಂದೇ ಬರೆಯುತ್ತಾರೆ. ಕೆಲಸ ಬೇಕಾದವರು ಇನ್ನೇನು ಬರೆದಾರು! ಕೆಲಸದ ಹಾಳೆಯನ್ನು ಮುಂದಿಟ್ಟು ಕೇಳಿ: ‘ಇದರಲ್ಲಿ ನಿಮಗೆ ಕಷ್ಟವಾಗಬಹುದಾದ ಕೆಲಸ ಯಾವುದಾದರೂ ಇದೆಯೇ? ಏನು ಬದಲಾಯಿಸಿದರೆ ಸುಲಭವಾಗುತ್ತದೆ?’ ಹಿಂದಿನ ಕೆಲಸಗಳಲ್ಲಿ ಸದ್ದು, ದೂಳು, ರಾಸಾಯನಿಕ ಎಷ್ಟು ವರ್ಷ ಎಂಬುದನ್ನೂ ಕೇಳಿ. ಆಡಿಯೊಗ್ರಾಮ್ (ಕಿವಿ ಪರೀಕ್ಷೆಯ ವರದಿ) ಓದುವಾಗ ವೈದ್ಯರಿಗೆ ಇದೇ ಬೇಕಾಗುತ್ತದೆ. ಪ್ರಶ್ನಾವಳಿ ಕನ್ನಡದಲ್ಲಿರಲಿ, ಉತ್ತರ ಕರ್ನಾಟಕದಿಂದಲೋ ಒಡಿಶಾ, ಬಿಹಾರದಿಂದಲೋ ಬಂದವರಿಗೆ ಅವರ ಮಾತಿನಲ್ಲಿ ಓದಿ ಹೇಳುವವರು ಒಬ್ಬರಿರಲಿ. ತುಂಬಿದ ಹಾಳೆ ಮುಚ್ಚಿದ ಲಕೋಟೆಯಲ್ಲಿ ನೇರ ವೈದ್ಯರಿಗೆ ಹೋಗಬೇಕು, ಎಚ್‌ಆರ್ ಮೂಲಕ ಅಲ್ಲ.

ಹಂತ 5: ತಪಾಸಣೆಯ ದಿನ ಎಲ್ಲಿ ಎಡವುತ್ತದೆ

ಆಡಿಯೊಮೆಟ್ರಿಯಲ್ಲಿ ತಪ್ಪುಗಳು ಅತಿ ಹೆಚ್ಚು. ಪರೀಕ್ಷೆಗೆ ಮುನ್ನ ಕನಿಷ್ಠ 14 ಗಂಟೆ ಜೋರು ಸದ್ದಿನಿಂದ ದೂರ ಇರಬೇಕು. ಹಳೆಯ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ನೇರ ಬಂದವರಿಗೂ, ದಾರಿಯುದ್ದಕ್ಕೂ ಇಯರ್‌ಫೋನ್ ಹಾಕಿಕೊಂಡು ಬಂದವರಿಗೂ ಕಿವಿ ತಾತ್ಕಾಲಿಕವಾಗಿ ಮಂಕಾಗಿರುತ್ತದೆ. ಅದೇ ಬೇಸ್‌ಲೈನ್ (ಮುಂದೆ ಹೋಲಿಸಿ ನೋಡುವ ಮೊದಲ ಅಳತೆ) ಆಗಿ ದಾಖಲಾದರೆ ಮುಂದೆ ನಿಜವಾದ ನಷ್ಟ ಅದರಡಿ ಮುಚ್ಚಿಹೋಗುತ್ತದೆ. ಮೊದಲು ಕಿವಿಯೊಳಗೆ ನೋಡಿ, ಗುಗ್ಗೆ ಇದ್ದರೆ ತೆಗೆಸಿ. ಓಲೆ, ಕನ್ನಡಕ ತೆಗೆಸಿ. ಕೆಂಪು ಹೆಡ್‌ಫೋನ್ ಬಲಗಿವಿಗೆ, ನೀಲಿ ಎಡಗಿವಿಗೆ. 1000 ಹರ್ಟ್ಜ್‌ನಿಂದ ಆರಂಭಿಸಿ, ಕೇಳಿಸಿದರೆ 10 ಡೆಸಿಬೆಲ್ ಇಳಿಸಿ, ಕೇಳಿಸದಿದ್ದರೆ 5 ಏರಿಸುತ್ತಾ ಹೋಗಿ. 500, 1000, 2000, 3000, 4000, 6000, 8000 ಎಲ್ಲವೂ ಬೇಕು. 3000 ಮತ್ತು 6000 ಬಿಟ್ಟ ಲ್ಯಾಬ್ ವರದಿ ಸದ್ದಿನ ಕೆಲಸಕ್ಕೆ ಅರ್ಧ ವರದಿ.

ಲ್ಯಾಬಿನ ಗುಣಮಟ್ಟ ತಿಳಿಯಲು ಒಂದು ಉಪಾಯವಿದೆ. ಒಂದೇ ದಿನದ ಇಪ್ಪತ್ತು ವರದಿ ಸಾಲಾಗಿಟ್ಟು 500 ಹರ್ಟ್ಜ್ ಸಾಲನ್ನು ಮಾತ್ರ ನೋಡಿ. ಎಲ್ಲರಿಗೂ ಅಲ್ಲೇ ಕಡಿಮೆ ಕೇಳಿಸಿದ್ದರೆ ತೊಂದರೆ ಕಿವಿಯದ್ದಲ್ಲ, ಕೋಣೆಯದ್ದು. ಫ್ಯಾನು, ಜನರೇಟರು, ರಸ್ತೆಯ ಗುಂಯ್ ಸದ್ದು ಒಳಗೆ ಬರುತ್ತಿದೆ. ಸದ್ದಿನಿಂದಾದ ಕಿವುಡಿನ ಗುರುತು ಬೇರೆ: 4000 ಹರ್ಟ್ಜ್ ಆಸುಪಾಸಿನಲ್ಲಿ ಗುಳಿ ಬಿದ್ದು, 8000ದಲ್ಲಿ ಮತ್ತೆ ಸ್ವಲ್ಪ ಚೇತರಿಕೆ.

ಸ್ಪೈರೊಮೆಟ್ರಿಯಲ್ಲಿ ಯಂತ್ರಕ್ಕಿಂತ ನಡೆಸುವವರ ಗಂಟಲು ಮುಖ್ಯ. ‘ಪೂರ್ತಿ ಎಳ್ಕೊಳ್ಳಿ... ಈಗ ಜೋರಾಗಿ ಊದಿ, ಊದಿ, ಊದಿ, ಇನ್ನೂ ಊದಿ, ನಿಲ್ಲಿಸ್ಬೇಡಿ’ ಎಂದು ಆರು ಸೆಕೆಂಡ್ ಬೆನ್ನು ಹತ್ತುವ ಸಿಸ್ಟರ್ ಇಲ್ಲದಿದ್ದರೆ ಆರೋಗ್ಯವಂತರ ಶ್ವಾಸಕೋಶವೂ ಕಾಗದದ ಮೇಲೆ ರೋಗಿಯದಾಗುತ್ತದೆ. ಮೂರು ಸರಿಯಾದ ಊದು ಬೇಕು; ಅತ್ಯುತ್ತಮ ಎರಡರ ನಡುವೆ 150 ಮಿ.ಲೀ.ಗಿಂತ ಹೆಚ್ಚು ಅಂತರ ಇರಬಾರದು. ಯಂತ್ರವನ್ನು 3 ಲೀಟರ್ ಸಿರಿಂಜಿನಿಂದ ಆ ದಿನ ತಾಳೆ ನೋಡಿದ್ದಾರೆಯೇ ಕೇಳಿ. ಇತ್ತೀಚೆಗೆ ಹೃದಯಾಘಾತ, ಕಣ್ಣಿನ ಶಸ್ತ್ರಚಿಕಿತ್ಸೆ ಆದವರಿಗೆ, ಸಕ್ರಿಯ ಕ್ಷಯ ಇರುವವರಿಗೆ ಈ ಪರೀಕ್ಷೆ ಬೇಡ.

ಬಿಪಿ ವಿಷಯದಲ್ಲಿ ಆತುರವೇ ಶತ್ರು. ಕೆಲಸ ಸಿಗುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ಮೆಟ್ಟಿಲು ಹತ್ತಿ ಬಂದವರ ತೋಳಿಗೆ ಪಟ್ಟಿ ಸುತ್ತಿದರೆ 150/96 ಬರುವುದು ಸಹಜ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲದ ಮೇಲಿಡಿಸಿ, ಐದು ನಿಮಿಷ ಸುಮ್ಮನೆ ಕೂರಿಸಿ. ಅರ್ಧ ಗಂಟೆ ಹಿಂದೆ ಕಾಫಿ, ಬೀಡಿ ಆಗಿರಬಾರದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಅಂಕಿ ಸುಳ್ಳೇ ಏರುತ್ತದೆ. ಎರಡು ಸಲ ಅಳೆದೂ ಹೆಚ್ಚಿದ್ದರೆ ಇನ್ನೊಂದು ದಿನ ಕರೆಯಿರಿ. ಒಂದು ದಿನದ ಬಿಪಿ ನೋಡಿ ‘ಅನ್‌ಫಿಟ್’ ಬರೆಯುವುದು ವೈದ್ಯಕೀಯವೂ ಅಲ್ಲ, ನ್ಯಾಯವೂ ಅಲ್ಲ.

ಬಣ್ಣದ ದೃಷ್ಟಿ ನೋಡುವ ಇಶಿಹಾರಾ ಪುಸ್ತಕವನ್ನು ಹಗಲ ಬೆಳಕಿನಲ್ಲಿ, 75 ಸೆಂ.ಮೀ. ದೂರದಿಂದ, ಪುಟಕ್ಕೆ ಮೂರ್ನಾಲ್ಕು ಸೆಕೆಂಡಿನಂತೆ ತೋರಿಸಬೇಕು. ಫೋನಿನ ಪರದೆಯಲ್ಲೋ ಕಲರ್ ಜೆರಾಕ್ಸಿನಲ್ಲೋ ತೋರಿಸಿದ್ದಕ್ಕೆ ಬೆಲೆಯಿಲ್ಲ. ಬೆರಳಾಡಿಸಿ ಮಾಸಿದ ಪುಟಗಳಿದ್ದರೆ ಹೊಸ ಪುಸ್ತಕ ತರಿಸಿ. ಇದರಲ್ಲಿ ತಪ್ಪಿದವರನ್ನು ಅಲ್ಲಿಗೇ ಕೈಬಿಡಬೇಡಿ. ಕೆಲಸದ ಜಾಗದ ಬೆಳಕಿನಲ್ಲಿ, ಅಲ್ಲಿನದೇ ವೈರು, ಅಲ್ಲಿನದೇ ದೀಪ ಇಟ್ಟು ಮತ್ತೆ ನೋಡಿ.

ಹಂತ 6: ವೈದ್ಯರ ವರದಿ ನಾಲ್ಕು ಸಾಲಿನದ್ದು

ಎಚ್‌ಆರ್‌ಗೆ ಬರುವ ಕಾಗದದಲ್ಲಿ ನಾಲ್ಕರಲ್ಲಿ ಒಂದು ತೀರ್ಮಾನ ಮಾತ್ರ ಇರಬೇಕು: ಈ ಕೆಲಸಕ್ಕೆ ಫಿಟ್, ಇಂತಿಂಥ ಹೊಂದಾಣಿಕೆಯೊಂದಿಗೆ ಫಿಟ್, ಸದ್ಯಕ್ಕೆ ಅಲ್ಲ (ಇಂಥ ದಿನ ಮರುಪರೀಕ್ಷೆ), ಈ ಕೆಲಸಕ್ಕೆ ಆಗುವುದಿಲ್ಲ. ರೋಗದ ಹೆಸರು, ರಕ್ತದ ಅಂಕಿ, ಮಾತ್ರೆಯ ಹೆಸರು ಯಾವುದೂ ಬೇಡ. ಮಾದರಿ: ‘ಪ್ರೆಸ್ ಆಪರೇಟರ್ ಕೆಲಸಕ್ಕೆ ಹೊಂದಾಣಿಕೆಯೊಂದಿಗೆ ಫಿಟ್. ನೆಲದಿಂದ ಭಾರ ಎತ್ತುವುದು ಬೇಡ. ಸೊಂಟದೆತ್ತರದಲ್ಲಿ 10 ಕೆಜಿವರೆಗೆ ಅಡ್ಡಿಯಿಲ್ಲ. 12 ವಾರದ ನಂತರ ಮರುಪರಿಶೀಲನೆ.’ ‘ಲೈಟ್ ವರ್ಕ್ ಕೊಡಿ’ ಎಂದು ಬರೆದ ಚೀಟಿ ಬಂದರೆ ವಾಪಸ್ ಕಳುಹಿಸಿ. ಹಗುರ ಎಂದರೆ ಎಷ್ಟು ಕೆಜಿ, ಎಷ್ಟು ಹೊತ್ತು, ಎಷ್ಟು ದಿನ ಎಂದು ಇಲ್ಲದಿದ್ದರೆ ಸೂಪರ್‌ವೈಸರ್ ತನಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತಾನೆ.

ನಾಲ್ಕನೆಯ ತೀರ್ಮಾನ ಬರೆಯುವ ವೈದ್ಯರು ಹಾಳೆಯ ಯಾವ ಸಾಲು ಆಗುವುದಿಲ್ಲ, ಯಾಕೆ, ಯಾವ ಹೊಂದಾಣಿಕೆಗಳನ್ನು ಯೋಚಿಸಿ ಕೈಬಿಟ್ಟೆವು ಎಂಬ ಮೂರನ್ನೂ ಬರೆಯಬೇಕು. ಪೂರ್ಣ ವರದಿಯ ಪ್ರತಿ ಅಭ್ಯರ್ಥಿಯ ಕೈಗೆ ಹೋಗಲಿ, ಎರಡನೇ ಅಭಿಪ್ರಾಯಕ್ಕೆ ಅವಕಾಶವಿರಲಿ. ಔದ್ಯೋಗಿಕ ಆರೋಗ್ಯದ ಎಎಫ್‌ಐಎಚ್ ಕೋರ್ಸ್ ಮಾಡಿದ ವೈದ್ಯರು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ನಿಮ್ಮ ವೈದ್ಯರನ್ನು ಒಮ್ಮೆ ಲೈನಿಗೆ ಕರೆದುಕೊಂಡು ಹೋಗಿ ಎಲ್ಲ ಹುದ್ದೆ ತೋರಿಸಿ. ಪ್ರೆಸ್ ಷಾಪನ್ನು ಕಣ್ಣಾರೆ ನೋಡದವರು ಬರೆಯುವ ಫಿಟ್‌ನೆಸ್ ಬರೀ ಊಹೆ.

ಹಂತ 7: ಹೊಂದಾಣಿಕೆ

ಕಾನೂನಿನ ನೆಲೆ ಚುಟುಕಾಗಿ: ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 20ನೇ ಕಲಂ ಪ್ರಕಾರ ಸರ್ಕಾರಿ ಸಂಸ್ಥೆಗಳು ಸೂಕ್ತ ಹೊಂದಾಣಿಕೆ ಕೊಡಲೇಬೇಕು. ಕೆಲಸದಲ್ಲಿರುವಾಗ ವೈಕಲ್ಯ ಬಂದರೆ ತೆಗೆಯುವಂತಿಲ್ಲ, ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. 21ನೇ ಕಲಂ ಖಾಸಗಿಯವರನ್ನೂ ಸೇರಿಸಿಕೊಂಡು ಪ್ರತಿ ಸಂಸ್ಥೆಗೂ ಸಮಾನ ಅವಕಾಶ ನೀತಿ ಇರಬೇಕು ಎನ್ನುತ್ತದೆ. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ನೀತಿಯಲ್ಲಿ ಸಂಪರ್ಕಾಧಿಕಾರಿ ಯಾರು ಎಂಬುದೂ ಇರಬೇಕು. ಬಣ್ಣಗುರುಡಿನ ಕಾರಣಕ್ಕೆ ಕೆಲಸ ಕಳೆದುಕೊಂಡ ತೆಲಂಗಾಣ ಸಾರಿಗೆ ನಿಗಮದ ಚಾಲಕರೊಬ್ಬರ ಪ್ರಕರಣದಲ್ಲಿ, ಬೇರೆ ಕೆಲಸ ಇದೆಯೇ ಎಂದು ಹುಡುಕದೆ ಮನೆಗೆ ಕಳುಹಿಸಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿತು.

ಇನ್ನು ಮಾಡುವ ಬಗೆ. ಸೇರುವ ನೌಕರ, ಸೂಪರ್‌ವೈಸರ್, ಎಚ್‌ಆರ್ ಮೂವರೂ ಲೈನಿನ ಪಕ್ಕದಲ್ಲೇ ಅರ್ಧ ಗಂಟೆ ಕೂತು ಮಾತಾಡಿ. ಏನು ಬೇಕೆಂದು ಮೊದಲು ಆ ನೌಕರರನ್ನೇ ಕೇಳಿ. ಎಷ್ಟೋ ವರ್ಷ ಆ ದೇಹದೊಂದಿಗೆ ಬದುಕಿದವರು ಅವರು. ಅವರ ಉತ್ತರ ಸಾಮಾನ್ಯವಾಗಿ ನಾವು ಯೋಚಿಸಿದ್ದಕ್ಕಿಂತ ಸಣ್ಣದಾಗಿರುತ್ತದೆ.

ಮೇಲಿನ ಪ್ರೆಸ್ ಕೆಲಸವನ್ನೇ ತೆಗೆದುಕೊಳ್ಳಿ. ಬಿನ್ನನ್ನು 75 ಸೆಂ.ಮೀ. ಸ್ಟ್ಯಾಂಡಿನ ಮೇಲಿಟ್ಟು, ಬದಿಯ ಒಂದು ಪಟ್ಟಿ ಇಳಿಬಿಡುವಂತೆ ಮಾಡಿ ಕಾಲಿನಿಂದ 30 ಸೆಂ.ಮೀ. ದೂರಕ್ಕೆ ತಂದರೆ ಅದೇ ಸೂತ್ರ ಸುಮಾರು 19 ಕೆಜಿ ಕೊಡುತ್ತದೆ, ಎತ್ತುವ ಸಂಖ್ಯೆಯ ಕಡಿತಕ್ಕೆ ಮೊದಲು. ಒಬ್ಬರ ಸೊಂಟಕ್ಕಾಗಿ ಮಾಡಿದ ಸ್ಟ್ಯಾಂಡು ಮೂರು ಪಾಳಿಯ ಬೆನ್ನು ಕಾಯುತ್ತದೆ.

ಗಾರ್ಮೆಂಟ್ಸ್ ಲೈನಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಟೈಲರ್‌ಗೆ ಯಂತ್ರ ಬದಲಿಸಬೇಕಿಲ್ಲ. ಟಾರ್ಗೆಟ್ ಒತ್ತಡದಲ್ಲಿ ಊಟ ಮುಂದೂಡುವುದೇ ಅಲ್ಲಿನ ಅಪಾಯ. ಬೆಳಿಗ್ಗೆ, ಸಂಜೆ ಹತ್ತತ್ತು ನಿಮಿಷದ ನಿಗದಿತ ವಿರಾಮ, ಇನ್ಸುಲಿನ್ ಇಡಲು ಫ್ರಿಜ್ಜಿನಲ್ಲಿ ಜಾಗ (ಫ್ರೀಜರ್‌ನಲ್ಲಿ ಅಲ್ಲ, ಹೆಪ್ಪುಗಟ್ಟಿದರೆ ಕೆಟ್ಟಿತು), ಮೇಜಿನ ಕೆಳಗೆ ಸಕ್ಕರೆಯ ಡಬ್ಬಿ. ಕೈ ನಡುಗಿ ಬೆವರು ಬಂದರೆ ಮೂರು ಟೀಚಮಚ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಪಕ್ಕದ ಅಕ್ಕನಿಗೆ ಈ ವಿಷಯ ತಿಳಿಸಬೇಕೇ ಬೇಡವೇ ಎಂಬುದು ಆಕೆಯದೇ ನಿರ್ಧಾರ. ಆ 20 ನಿಮಿಷವನ್ನು ಟಾರ್ಗೆಟ್ಟಿನಿಂದ ಕಳೆಯುವುದನ್ನು ಮಾತ್ರ ಮರೆಯಬೇಡಿ. ಎಲ್ಲ ಮಾಡಿ ಅದೊಂದನ್ನು ಬಿಟ್ಟರೆ ಆಕೆ ವಿರಾಮ ತೆಗೆದುಕೊಳ್ಳುವುದೇ ಇಲ್ಲ.

ಕಿವಿ ಕೇಳದವರಿಗೆ ಅಲಾರಂ ಜೊತೆ ಮಿನುಗುವ ದೀಪ, ಫೈರ್ ಡ್ರಿಲ್‌ನಲ್ಲಿ ಕರೆದೊಯ್ಯುವ ಜೊತೆಗಾರ (ಅವರು ರಜೆಯಲ್ಲಿದ್ದರೆ ಯಾರು ಎಂಬುದೂ ಬರೆದಿರಲಿ), ಫೋರ್ಕ್‌ಲಿಫ್ಟ್ ದಾರಿಯಲ್ಲಿ ಕನ್ನಡಿ. ಬಣ್ಣ ಗುರುತಿಸಲು ಕಷ್ಟವಾದವರಿಗೆ ವೈರಿಗೆ ನಂಬರಿನ ಫೆರೂಲ್ (ತುದಿಗೆ ತೊಡಿಸುವ ಸಣ್ಣ ಕೊಳವೆ), ದೀಪ ಮೇಲೆ-ಕೆಳಗೆ ಎಂಬ ಸ್ಥಾನ ಭೇದ. ಮೂರ್ಛೆ ರೋಗ ಇರುವವರಿಗೆ ಎತ್ತರ, ಚಾಲನೆ, ತೆರೆದ ಯಂತ್ರ, ಕುದಿಯುವ ದ್ರವದ ಪಕ್ಕ ಬೇಡ. ನಿದ್ದೆಗೆಟ್ಟರೆ ಮೂರ್ಛೆ ಬರುವ ಸಾಧ್ಯತೆ ಹೆಚ್ಚುವುದರಿಂದ ರಾತ್ರಿ ಪಾಳಿಯೂ ಬೇಡ. ಪ್ಯಾಕಿಂಗ್, ಸ್ಟೋರ್ಸ್, ಕ್ವಾಲಿಟಿ ಎಲ್ಲ ತೆರೆದೇ ಇರುತ್ತದೆ. ಬೈಪೋಲಾರ್ ಎಂಬ ಮನಸ್ಥಿತಿ ಏರಿಳಿತದ ತೊಂದರೆಗೆ ಔಷಧಿಯಲ್ಲಿರುವವರಿಗೂ ಪಾಳಿ ಸ್ಥಿರವಾಗಿರುವುದೇ ದೊಡ್ಡ ಉಪಕಾರ.

ಗಾಲಿಕುರ್ಚಿಗೆ ರ‍್ಯಾಂಪ್ ಕಟ್ಟುವಾಗ 1:12 ಲೆಕ್ಕ ಹಿಡಿಯಿರಿ. 15 ಸೆಂ.ಮೀ.ನ ಮೂರು ಮೆಟ್ಟಿಲಿದ್ದರೆ ರ‍್ಯಾಂಪ್ 5.4 ಮೀಟರ್ ಉದ್ದ ಬರುತ್ತದೆ. ಜಾಗ ಸಾಲದೆಂದು 2 ಮೀಟರಿಗೆ ಮುಗಿಸಿದ ರ‍್ಯಾಂಪುಗಳು ಊರೆಲ್ಲ ಇವೆ. ಅವು ಬೈಕು ಹತ್ತಿಸಲಷ್ಟೇ ಸರಿ.

ಒಪ್ಪಿಕೊಂಡದ್ದನ್ನು ಅರ್ಧ ಪುಟ ಬರೆಯಿರಿ: ಏನು, ಯಾವಾಗಿನಿಂದ, ಮಾಡಿಸುವವರು ಯಾರು, ಮರುಪರಿಶೀಲನೆ ಎಂದು. ಎರಡು ವಾರಕ್ಕೊಮ್ಮೆ, ಆಮೇಲೆ ಆರು ವಾರಕ್ಕೊಮ್ಮೆ ನೋಡಿ. ಹೊಂದಾಣಿಕೆ ಮುರಿದುಬೀಳುವುದು ಹೆಚ್ಚಾಗಿ ಸೂಪರ್‌ವೈಸರ್ ಬದಲಾದ ವಾರ. ಹೊಸಬರಿಗೆ ಯಾರೂ ಹೇಳಿರುವುದಿಲ್ಲ, ‘ಎಲ್ಲರಂತೆ ನೀನೂ ನೈಟ್ ಬಾ’ ಎನ್ನುತ್ತಾರೆ. ಹಾಗಾಗಿ ಆ ಅರ್ಧ ಪುಟ ಚಾರ್ಜ್ ಒಪ್ಪಿಸುವ ಪಟ್ಟಿಯಲ್ಲಿ ಸೇರಲಿ. ‘ಅವನಿಗೊಂದು ನ್ಯಾಯ, ನಮಗೊಂದು ನ್ಯಾಯವಾ?’ ಎಂಬ ಗೊಣಗಾಟವೂ ಏಳುತ್ತದೆ. ಆಗ ಕಾಯಿಲೆಯ ವಿವರ ಬಿಚ್ಚಿ ಸಮಾಧಾನ ಹೇಳಲು ಹೋಗಬೇಡಿ. ‘ವೈದ್ಯರ ಸಲಹೆಯಂತೆ ಪಾಳಿ ಹಾಕಿದ್ದೇವೆ, ನಿಮಗೆ ಬೇಕಾದಾಗ ನಿಮಗೂ ಇದೇ ನಿಯಮ’ ಎಂದರೆ ಸಾಕು.

ಹಂತ 8: ಸೇರಿದ ಮೇಲೆ, ಬಿಟ್ಟ ಮೇಲೆ

ಅಪಾಯಕಾರಿ ವಸ್ತುಗಳ ಜೊತೆ ಕೆಲಸ ಮಾಡುವವರಿಗೆ ಸೇರುವ ಮುನ್ನ, ಕೆಲಸದಲ್ಲಿರುವಾಗ ಮತ್ತು ಆ ಕೆಲಸ ಬಿಟ್ಟ ಮೇಲೂ 12 ತಿಂಗಳು ಮೀರದ ಅಂತರದಲ್ಲಿ ತಪಾಸಣೆ ಮಾಡಿಸಬೇಕೆಂದು ಕಾರ್ಖಾನೆ ಕಾಯ್ದೆ 1948ರ 41ಸಿ ಕಲಂ ಹೇಳುತ್ತಿತ್ತು. ಅದರ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ವಾರ್ಷಿಕ ಉಚಿತ ತಪಾಸಣೆ ಅದರ ಮುಖ್ಯ ಭರವಸೆಗಳಲ್ಲಿ ಒಂದು. ಸದ್ದಿನ ವಿಭಾಗದಲ್ಲಿ ಪ್ರತಿ ವರ್ಷದ ಆಡಿಯೊಗ್ರಾಮನ್ನು ಮೊದಲ ದಿನದ್ದರ ಪಕ್ಕ ಇಟ್ಟು ನೋಡಿ. 2000, 3000, 4000 ಹರ್ಟ್ಜ್ ಮೂರರ ಸರಾಸರಿ 10 ಡೆಸಿಬೆಲ್ ಕುಸಿದಿದ್ದರೆ, ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ಮಾನದಂಡದಂತೆ ಅದು ಎಚ್ಚರಿಕೆಯ ಗಂಟೆ. ಕಿವಿಗೆ ಹಾಕುವ ಪ್ಲಗ್ ಸರಿಯಾಗಿ ಕೂರುತ್ತಿದೆಯೇ ಎಂದು ಅಂದೇ ನೋಡಿ, ಯಂತ್ರದ ಸದ್ದು ಮತ್ತೆ ಅಳೆಸಿ.

ವೈದ್ಯಕೀಯ ಕಡತ ವೈದ್ಯರ ಕೋಣೆಯಲ್ಲಿ, ಬೀಗದೊಳಗೆ. ಪರ್ಸನಲ್ ಫೈಲಿನಲ್ಲಿ ಆ ನಾಲ್ಕು ಸಾಲಿನ ಕಾಗದ ಮಾತ್ರ. ವಾಟ್ಸ್‌ಆಪ್ ಗುಂಪಿಗೆ ಲ್ಯಾಬ್ ವರದಿಯ ಫೋಟೊ ಹಾಕುವುದನ್ನು ಇವತ್ತೇ ನಿಲ್ಲಿಸಿ.

ಕೆಲಸ ಬಿಡುವವರಿಗೆ ಕೊನೆಯ ಆಡಿಯೊಗ್ರಾಮ್, ಸ್ಪೈರೊಮೆಟ್ರಿ ಮಾಡಿಸಿ, ಮೊದಲ ದಿನದಿಂದ ಕೊನೆಯ ದಿನದವರೆಗಿನ ಎಲ್ಲ ವರದಿಯ ಪ್ರತಿಯನ್ನು ಸೆಟ್ಲ್‌ಮೆಂಟ್ ಚೆಕ್ಕಿನ ಜೊತೆಗೇ ಕೈಗೆ ಕೊಟ್ಟು ಸಹಿ ಪಡೆಯಿರಿ. ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೆ ಕೆಮ್ಮಾಗಿ ಕಾಣಿಸಿಕೊಳ್ಳಬಹುದು. ಆಗ ಹೊಸ ಊರಿನ ವೈದ್ಯರಿಗೆ ತೋರಿಸಲು ಅವರ ಬಳಿ ಇರುವುದು ಆ ಲಕೋಟೆಯಷ್ಟೇ.